ಫೈನಲ್ ಮುಗಿದ ಮೇಲೆ ಚೆಂಡು ಯಾರ ಜೊತೆ ಹೋಗುತ್ತೆ?

ಅನಾಥಾಲಯದ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಟೂರ್ನಿ ಅಂದ ತಕ್ಷಣ ನಮ್ಮ ಫೀಡಿಗೆ ಬರುವ ಫೋಟೋ ಗೊತ್ತೇ ಇದೆ: ಒಂದೇ ಬಣ್ಣದ ಟೀ ಶರ್ಟು, ಹಿಂದೆ ಪ್ರಾಯೋಜಕರ ಬ್ಯಾನರು, ಮಧ್ಯದಲ್ಲಿ ಅತಿಥಿಗಳು. ಮಕ್ಕಳ ಖುಷಿ ಸುಳ್ಳಲ್ಲ. ಇಡೀ ದಿನ ಗೇಟಿನಾಚೆ ಆಡೋದು ಅವರಿಗೆ ಸಣ್ಣ ವಿಷಯವೂ ಅಲ್ಲ. ಆದರೆ ಸಂಜೆ ಚೆಂಡುಗಳೆಲ್ಲ ಆಯೋಜಕರ ಚೀಲ ಸೇರಿದರೆ, ಮರುದಿನ ಆ ಮಕ್ಕಳು ಏನು ಆಡಬೇಕು?

ಈ ಆಟ ಹುಟ್ಟುಹಾಕಿದವನೂ ತಬ್ಬಲಿಯೇ. ಕೆನಡಾದ ಜೇಮ್ಸ್ ನೈಸ್ಮಿತ್‌ಗೆ ಒಂಬತ್ತು ವರ್ಷವಾಗುವಷ್ಟರಲ್ಲಿ ಅಪ್ಪ, ಅಮ್ಮ ಇಬ್ಬರೂ ಟೈಫಾಯ್ಡ್‌ನಿಂದ ತೀರಿಕೊಂಡಿದ್ದರು. ಸಾಕಿದ್ದು ಸೋದರಮಾವ. ಹುಡುಗ ನಡುವೆ ಶಾಲೆ ಬಿಟ್ಟು ಮರ ಕಡಿಯುವ ಕೆಲಸಕ್ಕೆ ಹೋದ, ವರ್ಷಗಳ ನಂತರ ವಾಪಸ್ ಬಂದು ಓದಿದ, ಮೆಕ್‌ಗಿಲ್ ವಿಶ್ವವಿದ್ಯಾಲಯದ ಪದವಿ ಪಡೆದ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಶುರು ಮಾಡಿದ. ಎಡವಿದರೂ ವಾಪಸ್ ಬರೋಕೆ ಅವನಿಗೊಂದು ಮನೆ ಇತ್ತು.

ನನಗೂ ಇತ್ತು. ಇಂಜಿನಿಯರಿಂಗ್‌ನಲ್ಲಿ ಎರಡು ಸಬ್ಜೆಕ್ಟ್ ಬ್ಯಾಕ್ ಉಳಿಸಿಕೊಂಡು ಊರಿಗೆ ಹೋದಾಗ ಅಮ್ಮ ಬೈದಳು, ಆಮೇಲೆ ಊಟಕ್ಕೆ ಕರೆದಳು.

ನಮ್ಮ ಬಾಲಮಂದಿರಗಳ ಮಕ್ಕಳು 18 ತುಂಬಿದರೆ ಹೊರಡಬೇಕು. ಹಾಗೆ ಹೊರಡುವವರಿಗೆ ಹಣಕಾಸಿನ ನೆರವು 'ನೀಡಬಹುದು' ಅನ್ನುತ್ತೆ 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್. 'ನೀಡಲೇಬೇಕು' ಅನ್ನಲ್ಲ. ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಈ ನೆರವು ತಿಂಗಳಿಗೆ 4,000 ರೂಪಾಯಿ. ಬೆಂಗಳೂರಲ್ಲಿ ಪಿಜಿ ಹುಡುಕಿದವರಿಗೆ ಇದರ ಬೆಲೆ ಎಷ್ಟೂಂತ ಗೊತ್ತು.

ಕ್ರೀಡೆ ಇಲ್ಲಿ ನಿಜಕ್ಕೂ ದಾರಿಯಾಗಬಲ್ಲದು. ಕಾಲೇಜು ಸೀಟಿಗೆ, ಕೆಲಸಕ್ಕೆ ಸ್ಪೋರ್ಟ್ಸ್ ಕೋಟಾ ಇದೆ. ಆದರೆ ಅದಕ್ಕೆ ಮಾನ್ಯತೆ ಇರುವ ಸ್ಪರ್ಧೆಗಳ ಸರ್ಟಿಫಿಕೇಟ್ ಬೇಕು. ಅಲ್ಲಿಗೆ ಹೋಗೋಕೆ ವರ್ಷಗಟ್ಟಲೆ ಪ್ರಾಕ್ಟೀಸ್ ಬೇಕು, ಕೋಚ್ ಬೇಕು, ವಯಸ್ಸಿನ ದಾಖಲೆ ಸರಿ ಇರಬೇಕು. 'ಅನಾಥ ಮಕ್ಕಳಿಗಾಗಿ' ಅಂತ ಪ್ರತ್ಯೇಕವಾಗಿ ನಡೆಸುವ ಒಂದು ದಿನದ ಟೂರ್ನಿ ಇದ್ಯಾವುದನ್ನೂ ಕೊಡಲ್ಲ.

ಹಾಗಂತ ಟೂರ್ನಿ ಬೇಡ ಅಂತಿಲ್ಲ. ಅದೇ ಸೆಲೆಕ್ಷನ್ ಟ್ರಯಲ್ ಆಗಲಿ. ಚೆನ್ನಾಗಿ ಆಡಿದವರು ಶಾಲಾ ಕ್ರೀಡಾಕೂಟದ 14, 17, 19 ವರ್ಷದೊಳಗಿನ ತಂಡಗಳ ಆಯ್ಕೆಗೆ ಹೋಗಲಿ. ಅಲ್ಲಿ ಅವರನ್ನು ಬರೀ ಆಟಗಾರರಾಗಿ ನೋಡಲಿ. ಬ್ಯಾನರಿನ ದುಡ್ಡಲ್ಲಿ ವಾರಕ್ಕೆ ಮೂರು ಸಂಜೆ ಕೋಚ್ ಬರಲಿ. ಮುಂದಿನ ಸಲ ಇಂಥ ಟೂರ್ನಿಗೆ ವಾಲಂಟಿಯರ್ ಆಗಿ ಬನ್ನಿ ಅಂತ ನಿಮ್ಮನ್ನು ಕರೆದರೆ ಖಂಡಿತ ಹೋಗಿ. ಹೋಗೋ ಮುಂಚೆ ಆಯೋಜಕರಿಗೆ ಒಂದು ಮಾತು ಕೇಳಿ: ಚೆಂಡು ಮಕ್ಕಳ ಹತ್ರಾನೇ ಬಿಟ್ಟು ಬರ್ತೀರಾ?