ಪುಸ್ತಕದಂಗಡಿಯಾಗಿಯೇ ಉಳಿದ ಕಟ್ಟಡ

ಬ್ಯಾಡರಹಳ್ಳಿಯಿಂದ ಮಾಗಡಿ ರಸ್ತೆಗುಂಟ ಬಂದು ಮೆಟ್ರೊ ಹತ್ತುವ ವಿದ್ಯಾರ್ಥಿ ಮಹಾತ್ಮ ಗಾಂಧಿ ರಸ್ತೆ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಎರಡು ಊರುಗಳ ಹಳೆಯ ಗಡಿಯನ್ನು ದಾಟಿರುತ್ತಾನೆ. ಕಬ್ಬನ್ ಪಾರ್ಕಿನ ಪಶ್ಚಿಮಕ್ಕೆ ಮೈಸೂರು ಅರಸರ ಆಡಳಿತಕ್ಕೆ ಸೇರಿದ ಪೇಟೆ. ಪೂರ್ವಕ್ಕೆ ಬ್ರಿಟಿಷರ ದಂಡು. ದಂಡಿನ ಮುಖ್ಯ ಬೀದಿ ಪರೇಡ್ ಮೈದಾನದ ದಕ್ಷಿಣಕ್ಕಿದ್ದುದರಿಂದ ಅದನ್ನು 'ಸೌತ್ ಪರೇಡ್' ಎಂದು ಕರೆಯುತ್ತಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅದಕ್ಕೆ ಗಾಂಧೀಜಿಯ ಹೆಸರಿಡಲಾಯಿತು.

ಈ ಬೀದಿಯಲ್ಲಿ ಹೆಸರು ಬದಲಿಸದೆ ನಿಂತ ಕಟ್ಟಡಗಳು ಅಪರೂಪ. ಅವುಗಳಲ್ಲೊಂದು ಹಿಗಿನ್‌ಬಾಥಮ್ಸ್ ಪುಸ್ತಕ ಮಳಿಗೆ.

ಇದರ ಮೂಲ ಮದ್ರಾಸಿನಲ್ಲಿದೆ. ಏಬೆಲ್ ಜೋಶುವಾ ಹಿಗಿನ್‌ಬಾಥಮ್ ಎಂಬಾತ 1844ರಲ್ಲಿ ಅಲ್ಲಿ ಪುಸ್ತಕದ ವ್ಯಾಪಾರ ಆರಂಭಿಸಿದ. ಭಾರತದಲ್ಲಿ ಇಂದಿಗೂ ಉಳಿದಿರುವ ಪುಸ್ತಕದಂಗಡಿಗಳಲ್ಲಿ ಅದೇ ಅತ್ಯಂತ ಹಳೆಯದೆನ್ನುತ್ತಾರೆ. ಮುಂದೆ ದಕ್ಷಿಣ ಭಾರತದ ರೈಲು ನಿಲ್ದಾಣಗಳಲ್ಲೂ ಹಿಗಿನ್‌ಬಾಥಮ್ಸ್ ಮಳಿಗೆಗಳು ತೆರೆದವು. ರಜೆಗೆ ಅಜ್ಜಿಯ ಊರಿಗೆ ಹೊರಟ ಎಷ್ಟೋ ಮಕ್ಕಳಿಗೆ ಆ ಹೆಸರು ಮೊದಲು ಕಂಡದ್ದು ಪ್ಲಾಟ್‌ಫಾರಮ್ಮಿನಲ್ಲಿಯೇ.

ಬೆಂಗಳೂರಿನ ಮಳಿಗೆ ಶುರುವಾದದ್ದು 1905ರಲ್ಲಿ. ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ ಪೇಟೆಯ ಬೀದಿದೀಪಗಳು ಮೊದಲ ಬಾರಿಗೆ ಬೆಳಗಿದ್ದೂ ಅದೇ ವರ್ಷ. ಆಗ ದಂಡಿನ ಅಂಗಡಿಗೆ ಬರುತ್ತಿದ್ದವರಲ್ಲಿ ಸೈನ್ಯದ ಅಧಿಕಾರಿಗಳು ಮತ್ತು ಅವರ ಮನೆಯವರೇ ಹೆಚ್ಚು. ಸ್ವಾತಂತ್ರ್ಯಾನಂತರ ಗಿರಾಕಿಗಳು ಬದಲಾದರು. ಕಾಲೇಜು ವಿದ್ಯಾರ್ಥಿಗಳೂ ಪಠ್ಯಪುಸ್ತಕ ಹುಡುಕುವ ತಂದೆತಾಯಂದಿರೂ ಬಂದರು. ಕಪಾಟುಗಳಲ್ಲಿ ಮಾತ್ರ ಪುಸ್ತಕಗಳೇ ಉಳಿದವು.

ಅಕ್ಕಪಕ್ಕದ ಎಲ್ಲವಕ್ಕೂ ಈ ಭಾಗ್ಯ ದೊರೆಯಲಿಲ್ಲ. 1936ರಲ್ಲಿ ಆರಂಭವಾದ ಪ್ಲಾಜಾ ಚಿತ್ರಮಂದಿರ ನೆಲಸಮವಾಗಿ, ಅದರ ಜಾಗ ಮೆಟ್ರೊ ನಿಲ್ದಾಣಕ್ಕೆ ಹೋಯಿತು. 2011ರಲ್ಲಿ ನಗರದ ಮೊದಲ ಮೆಟ್ರೊ ರೈಲು ಓಡಿದ್ದು ಆ ನಿಲ್ದಾಣಕ್ಕೇ. ಸಮೀಪದಲ್ಲೇ ಇದ್ದ, ಟಿ.ಎಸ್. ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಮುಚ್ಚಿತು. ರಾಶಿ ರಾಶಿ ಪುಸ್ತಕಗಳ ನಡುವಿನಿಂದ ಕೇಳಿದ್ದನ್ನು ಥಟ್ಟನೆ ತೆಗೆದುಕೊಡುತ್ತಿದ್ದ ಅವರನ್ನು ಓದುಗರು ಇಂದಿಗೂ ನೆನೆಯುತ್ತಾರೆ. ನೆನೆದ ಮಾತ್ರಕ್ಕೆ ಅಂಗಡಿ ಮತ್ತೆ ತೆರೆಯದು.

ಹಳೆಯ ಕಟ್ಟಡಗಳನ್ನು ಕಾಯಲು ಕಾನೂನು ಬೇಕು, ನಿಜ. ಕಾನೂನು ಗೋಡೆಯನ್ನು ಉಳಿಸೀತು. ಗೋಡೆಯೊಳಗಿನ ಕಸುಬನ್ನು ಉಳಿಸುವವರು ಗಿರಾಕಿಗಳೇ. ನೂರು ವರ್ಷ ಪುಸ್ತಕದಂಗಡಿ ಬಾಳಿದೆಯೆಂದರೆ ನೂರು ವರ್ಷ ಯಾರೋ ಒಳಗೆ ಬಂದು, ಪುಟ ತಿರುವಿ, ಹಣ ಕೊಟ್ಟು ಪುಸ್ತಕ ಒಯ್ದಿದ್ದಾರೆ ಎಂದರ್ಥ. ಬೆಲೆ ನೋಡಿ, ಫೋನಿನಲ್ಲಿ ಚಿತ್ರ ತೆಗೆದು, ಬೇರೆಡೆ ತರಿಸಿಕೊಳ್ಳುವುದು ಸುಲಭವಾದ ಈ ಕಾಲದಲ್ಲಿ ಆ ಲೆಕ್ಕ ಮುಂದುವರಿಯುವುದೆಂಬ ಭರವಸೆಯಿಲ್ಲ.

ಮಕ್ಕಳನ್ನು ಆ ಬೀದಿಗೆ ಕರೆದೊಯ್ಯುವ ಪಾಲಕರು ಕಟ್ಟಡವನ್ನು ಹೊರಗಿನಿಂದ ತೋರಿಸಿದರೆ ಸಾಲದು. ಒಳಗೆ ಹೋಗಿ, ಮಗುವೇ ಆರಿಸಿದ ಒಂದು ಪುಸ್ತಕ ಕೊಡಿಸಲಿ. ಇತಿಹಾಸಕ್ಕೆ ಅಷ್ಟು ಕಾಣಿಕೆ ಸಲ್ಲಬೇಕು.