ಸಹಿ ಡಾಕ್ಟರದು, ರಾತ್ರಿ ಪಾಳಿ ಸಿಸ್ಟರದು

ಐಸಿಯು ಬಾಗಿಲಲ್ಲಿ ಕಾದು ನಿಂತವರಿಗೆ ಇದು ಗೊತ್ತು. ವೆಂಟಿಲೇಟರ್ ತೆಗೆಯೋದೋ ಬೇಡವೋ ಅನ್ನೋ ಮಾತು ಬಂದಾಗ ಎಲ್ಲರೂ ಡಾಕ್ಟರ ಮುಖ ನೋಡ್ತಾರೆ. ರಾತ್ರಿಯಿಡೀ ರೋಗಿಯ ಮಗ್ಗುಲು ಬದಲಿಸಿದ ಸಿಸ್ಟರನ್ನು ಕೇಳೋರಿಲ್ಲ. ಆದರೆ ಒಮ್ಮೆ ಸುಪ್ರೀಂ ಕೋರ್ಟೇ ಅವರ ಮಾತು ಕೇಳಿತ್ತು.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬ ನಾಯಿ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಎಸಗಿದ. ಮೆದುಳು ಕೆಟ್ಟಿತು. 2015ರ ಮೇ 18ರಂದು ಸಾಯುವ ತನಕ ಅವರು ಅಲ್ಲೇ ಇದ್ದರು. ಸಾಕಿದ್ದು ಅಲ್ಲಿನ ನರ್ಸುಗಳು.

ಊಟ ನಿಲ್ಲಿಸಿ, ನೆಮ್ಮದಿಯಿಂದ ಹೋಗಲಿ ಅಂತ ಲೇಖಕಿ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ಬೇಡ ಅಂದರು ಆಸ್ಪತ್ರೆಯವರು. ಕೋರ್ಟು ಮೂವರು ಡಾಕ್ಟರನ್ನು ಕಳಿಸಿ ನೋಡಿಸಿತು. ಬಾಯಿಗಿಟ್ಟ ಊಟ ತಿಂತಾರೆ, ಸುತ್ತ ಜನ ಹೆಚ್ಚಾದರೆ ಸದ್ದು ಮಾಡ್ತಾರೆ ಅಂತ ವರದಿ ಬಂತು. ಅಷ್ಟು ವರ್ಷ ಹಾಸಿಗೆ ಹಿಡಿದರೂ ಮೈಗೆ ಹಾಸಿಗೆ ಹುಣ್ಣು ಆಗಿರಲಿಲ್ಲ. 2011ರ ಮಾರ್ಚ್ 7ರಂದು ತೀರ್ಪು: ಅರುಣಾ ಪರ ಮಾತಾಡುವ ಹಕ್ಕು ಕೆ.ಇ.ಎಂ. ಸಿಬ್ಬಂದಿಯದು. ಮುಂದೆ ಅವರ ಮನಸ್ಸು ಬದಲಾದರೆ ಬಾಂಬೆ ಹೈಕೋರ್ಟಿಗೆ ಹೋಗಲಿ.

ಹಾಗಂತ ಪ್ರೀತಿಯೊಂದೇ ಸಾಕೇ? ಸಾಕಿದವರ ಆಸೆ ಬೇರೆ, ಮಲಗಿದವರ ಇಚ್ಛೆ ಬೇರೆ. ಗುಣವಾಗುತ್ತೋ ಇಲ್ಲವೋ ಡಾಕ್ಟರು ಹೇಳಬಲ್ಲರು. ದಿನ ಹೇಗೆ ಕಳೀತಿದೆ, ನೋವು ಎಷ್ಟಿದೆ, ನರ್ಸು ಹೇಳಬಲ್ಲರು. ಎರಡೂ ಸೇರಿದರೇ ಲೆಕ್ಕ ಪೂರ್ತಿ.

ಈಗಿನ ನಿಯಮದಲ್ಲಿ ಈ ಲೆಕ್ಕ ಅರ್ಧ. 2018ರಲ್ಲಿ ಸುಪ್ರೀಂ ಕೋರ್ಟು ಗೌರವದಿಂದ ಸಾಯುವ ಹಕ್ಕು ಒಪ್ಪಿತು, 2023ರಲ್ಲಿ ದಾರಿ ಸಲೀಸು ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಸುತ್ತೋಲೆ ಹೊರಡಿಸಿತು. ಇಂಜೆಕ್ಷನ್ ಕೊಟ್ಟು ಸಾಯಿಸೋದಲ್ಲ ಇದು. ಫಲವಿಲ್ಲದ ಚಿಕಿತ್ಸೆ ನಿಲ್ಲಿಸೋದು, ಅದೂ ಮನೆಯವರ ಒಪ್ಪಿಗೆ ಇದ್ದರೆ. ಎರಡು ಮಂಡಳಿ ಒಪ್ಪಬೇಕು. ಎರಡರಲ್ಲೂ ಡಾಕ್ಟರುಗಳೇ. ನರ್ಸಿಗೆ ಕುರ್ಚಿ ಇಲ್ಲ.

ಕುರ್ಚಿ ಇಲ್ಲ ನಿಜ. ಆದರೆ ಕೇಳಬೇಡಿ ಅಂತ ಯಾವ ನಿಯಮವೂ ಹೇಳಿಲ್ಲ. ಮಂಡಳಿ ಕೂರುವ ಮೊದಲು ಡಾಕ್ಟರು ಕೇಳಬಹುದು. ಕಾಗದಕ್ಕೆ ಸಹಿ ಹಾಕುವ ಮೊದಲು ಮನೆಯವರೂ ಕೇಳಬಹುದು: 'ಸಿಸ್ಟರ್, ರಾತ್ರಿ ಹೇಗಿದ್ದರು?'

ಉತ್ತರ ಡಾಕ್ಟರ ಎದುರೇ ಬರಲಿ. ಕದ್ದು ಹೇಳುವ ಮಾತಲ್ಲ ಅದು.