ವಿಶ್ವಾಸವೋ, ಬಾಳುವೆಯೋ?

ಕ್ರೈಸ್ತಧರ್ಮವೆಂದರೆ ಕೆಲವು ಸಿದ್ಧಾಂತಗಳನ್ನು ಒಪ್ಪುವುದು, ಸಭೆಯ ಪಟ್ಟಿಯಲ್ಲಿ ಹೆಸರು ಬರೆಯಿಸುವುದು ಎಂದು ತಿಳಿದವರು ಆ ಮತದ ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ಇಬ್ಬರೂ ತಲೆಗಳನ್ನೆಣಿಸುವವರೇ. ಈ ಲೆಕ್ಕವನ್ನು ನಾವು ಒಪ್ಪಲಾರೆವು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್‌ರವರು, ಹಿಂದೂಗಳ ಮತಾಂತರವು ಆಗದ ಮಾತೆಂದು 1823ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ನಿರಾಶೆಯಿಂದ ಬರೆದರು. ಎಣಿಕೆಯವರ ಮಾತಿನಲ್ಲಿ ಅವರು ಸೋತವರು. ಆದರೆ ಈ ಸೀಮೆಯಲ್ಲಿ ಸಿಡುಬಿಗೆ ದೇವಿ ಹಾಕಿಸುವ ಕಾರ್ಯವನ್ನು ಹರಡಲು ಶ್ರಮಿಸಿದವರೂ ಅವರೇ. ಅದರಿಂದ ಬದುಕಿದ ಕೂಸುಗಳನ್ನು ಯಾವ ಪಟ್ಟಿಯಲ್ಲಿ ಬರೆಯೋಣ? 1906ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಜನರು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಕ್ರಿಸ್ತನ ವಿಷಯವಾಗಿ ಆ ಮದ್ದು ಹೇಳಿದಷ್ಟನ್ನು ಯಾವ ಉಪದೇಶವು ಹೇಳೀತು?

"ಸಿದ್ಧಾಂತವನ್ನು ಬಿಟ್ಟರೆ ಇದು ಬರಿಯ ಪರೋಪಕಾರವಲ್ಲವೇ?" ಎನ್ನಬಹುದು. ಬೇರು ಬೇಡವೆಂದು ನಾವು ಹೇಳುವುದಿಲ್ಲ. ಫಲವಿಲ್ಲದ ಮರಕ್ಕೆ ಬೇರಿನ ಬಿರುದೇಕೆ ಎಂದು ಕೇಳುತ್ತೇವೆ. ದೇವಾಲಯದಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಂಡು, ಮದುವೆಯ ಮಾತು ಬಂದೊಡನೆ ಜಾತಿಯನ್ನು ವಿಚಾರಿಸುವವನ ವಿಶ್ವಾಸವು ನಾಲಗೆಯ ಮೇಲಿನದು.

ಲೋಕಕ್ಕಾಗಿ ನಂಜನ್ನುಂಡವನನ್ನು ಪೂಜಿಸುವ ನಂಜನಗೂಡಿನವರಿಗೂ, ಕಪಿಲೆ ಕಾವೇರಿಗಳು ಕೂಡುವೆಡೆಯಲ್ಲಿ ಮೀಯುವ ತಿರುಮಕೂಡಲು ನರಸೀಪುರದವರಿಗೂ ಪರರಿಗಾಗಿ ನೊಂದವನ ಮಹಿಮೆಯನ್ನು ಹೊಸದಾಗಿ ಬೋಧಿಸಬೇಕಾಗಿಲ್ಲ. ಅವನ ಹೆಸರನ್ನು ಹೇಳುವವರು ಅವನಂತೆ ಬಾಳುವರೇ ಎಂಬುದನ್ನು ಮಾತ್ರ ಅವರು ನೋಡುತ್ತಾರೆ.